ಕೊಯ್ದವರ ಪಾಲು

ಮೀನು ಮಾರುಕಟ್ಟೆಯಲ್ಲಿ ಕೊಯ್ಯುವವರಿಗೊಂದು ಪಾಲಿತ್ತು. ಗಿರಾಕಿಗಳು ಮಾಂಸ ಒಯ್ದ ಮೇಲೆ ಉಳಿಯುವ ತಲೆ, ಲಿವರ್ ಎಲ್ಲ ಕೊಯ್ದವರಿಗೆ. ಹುಡುಗಿ ಏಳನೇ ತರಗತಿಗೇ ಶಾಲೆ ಬಿಟ್ಟು ಅಮ್ಮನ ಪಕ್ಕ ಚಾಕು ಹಿಡಿದು ಕೂತವಳು. ಬಾಯಿ ಬಿಡುವುದು ಅಪರೂಪ, ಕಣ್ಣು ಮಾತ್ರ ಚುರುಕು. ಎಲ್ಲರೂ ಅವಳನ್ನು ‘ಗಪ್‌ಚುಪ್’ ಎಂದೇ ಕರೆಯುತ್ತಿದ್ದರು. ಆರು ತಿಂಗಳಿಂದ ಆ ಪಾಲಿನ ಲಿವರೆಲ್ಲ ಬಸುರಿ ಅತ್ತಿಗೆಯ ತಟ್ಟೆಗೆ ಹೋಗುತ್ತಿತ್ತು. “ಮೈಯಲ್ಲಿ ರಕ್ತ ಆಗ್ಲಿ” ಎಂದು ಅಮ್ಮ ಒಂದು ಚೂರನ್ನೂ ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ.

ತಿಂಗಳಿಗೊಮ್ಮೆ ನೀರು ಪರೀಕ್ಷೆಯ ಮೇಡಂ ಬರುತ್ತಿದ್ದರು. ನದಿಯ ನೀರಿಗೊಂದು ಬಾಟಲಿ, ತಳದ ಕೆಸರಿಗೆ ಅಗಲ ಬಾಯಿಯ ಇನ್ನೊಂದು, ಮೀನಿಗೆ ಐಸ್ ಪೆಟ್ಟಿಗೆ. ನದಿಯ ಮೇಲ್ಗಡೆ ಬ್ಯಾಟರಿ ಕಾರ್ಖಾನೆ ಬಂದ ಮೇಲೆ ಶುರುವಾದ ಕೆಲಸ ಅದು. ಚರ್ಮ ಸುಲಿಸಿ ಬರೀ ಮಾಂಸ ಒಯ್ಯುವರು. ವಾರ ಕಳೆದ ಮೇಲೆ ಮಾರುಕಟ್ಟೆಯ ಬಾಗಿಲಿಗೆ ಚೀಟಿ ಅಂಟುವುದು: ಸೀಸ, ಕ್ಯಾಡ್ಮಿಯಂ ಮಿತಿಯೊಳಗಿವೆ, ಮೀನು ತಿನ್ನಬಹುದು.

ಅವತ್ತು ಮೇಡಂ ಇನ್ನೊಂದು ಚೀಲ ಚಾಚಿದರು. “ಲಿವರ್ ಬೇರೆ ಹಾಕಮ್ಮ.”

ಹುಡುಗಿಯ ಚಾಕು ನಿಂತಿತು. ಮೂರು ವರ್ಷದಲ್ಲಿ ಇವರು ಲಿವರ್ ಕೇಳಿದ್ದೇ ಇಲ್ಲ.

“ಯಾಕೆ?”

“ಅಯ್ಯೋ, ಗಪ್‌ಚುಪ್ ಮಾತಾಡಿದ್ಲು! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೋ!” ಅಮ್ಮ ನಕ್ಕಳು.

“ಕೆಸರಲ್ಲಿ ಸೀಸ ಏರ್ತಾ ಇದೆ. ಕೆಸರು ಮೇಯೋ ಮೀನಲ್ಲಿ ಅದು ಲಿವರಲ್ಲೇ ಹೋಗಿ ಕೂರುತ್ತೆ, ಮಾಂಸದಲ್ಲಿ ಕಮ್ಮಿ,” ಎಂದರು ಮೇಡಂ. “ಹೆದರ್ಬೇಡ. ಲಿವರ್ ಯಾರು ತಿಂತಾರೆ? ಎಸೆಯೋದೇ ತಾನೇ?”

ಅಮ್ಮನ ನಗು ಅಲ್ಲೇ ಆರಿತು. ಲಿವರ್ ತುಂಬಿದ್ದ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿ, ಸುಮ್ಮನಿರು ಎಂಬಂತೆ ಮಗಳತ್ತ ನೋಡಿದಳು. ಎದುರಿಗೆ ಗಿರಾಕಿಗಳಿದ್ದರು.

“ನಾವು ತಿಂತೀವಿ,” ಎಂದಳು ಹುಡುಗಿ. “ಕೊಯ್ಯೋರೆಲ್ಲ ತಿಂತಾರೆ. ನಮ್ಮತ್ತಿಗೆ ದಿನಾ ತಿಂತಾರೆ. ಅವರಿಗೆ ಏಳು ತಿಂಗಳು.”

ಮೇಡಂ ಮುಖ ಬಿಳಿಚಿತು. “ಯಾರೂ ಹೇಳ್ಲೇ ಇಲ್ವಲ್ಲ!”

“ನೀವು ಕೇಳ್ಲಿಲ್ಲ.”

ಮೇಡಂ ತಲೆ ತಗ್ಗಿಸಿದರು. “ನಾಳೆ ಬೆಳಿಗ್ಗೆನೇ ಆಸ್ಪತ್ರೆಗೆ ಕರ್ಕೊಂಡು ಬಾ. ರಕ್ತ ಪರೀಕ್ಷೆ ಮಾಡಿಸೋಣ. ಅಲ್ಲಿವರೆಗೆ ಒಂದು ಚೂರೂ ಬೇಡ.”

ಮನೆ ಬಾಗಿಲಲ್ಲಿ ಅಮ್ಮ ಮಗಳ ಕೈ ಹಿಡಿದಳು. “ನೀನೇ ಹೇಳೇ. ತುತ್ತು ಕಟ್ಟಿ ಕಟ್ಟಿ ತಿನ್ನಿಸ್ದೋಳು ನಾನು. ನನ್ನ ಕೈಲಾಗಲ್ಲ.”

ಒಳಗೆ ಅತ್ತಿಗೆ ಬಾಣಲೆ ಒಲೆಗಿಟ್ಟು, ಈರುಳ್ಳಿ ಹೆಚ್ಚಿದ ತಟ್ಟೆ ಹಿಡಿದು ಕಾಯುತ್ತಿದ್ದಳು. “ಎಲ್ಲೇ ಗಪ್‌ಚುಪ್, ನನ್ನ ಪಾಲು? ಒಳಗಿರೋದು ಬೆಳಿಗ್ಗೆಯಿಂದ ಒದೀತಾ ಇದೆ.”

ಹುಡುಗಿ ಒಲೆ ಆರಿಸಿದಳು. ಅತ್ತಿಗೆಯ ಕೈಯಿಂದ ತಟ್ಟೆ ಇಸಿದುಕೊಂಡು ಪಕ್ಕಕ್ಕಿಟ್ಟು, ಎದುರಿಗೆ ಕೂತು, ಮಾತು ಶುರು ಮಾಡಿದಳು.