ಸಮುದ್ರ ದಾಟಿ ಬಂದ ಇದ್ದಿಲು

ಕಿಣ್ — ಕಂಚಿನ ಬಟ್ಟಲಿಗೆ ಉಗುರು ತಾಗಿದ ಹಾಗೆ, ಇದು ಮಾವನ ಬೆಟ್ಟದ ಇದ್ದಿಲು, ತುಂಡಿಗೆ ತುಂಡು ತಾಗಿಸಿದ ದನಿ ಹಾವುಮೀನು ಸುಡುವ ಅಂಗಡಿಯ ತೊಲೆಯವರೆಗೆ ಹೋಗಿ ತೊಮೊಎಯ ಕಿವಿಗೇ ಮರಳಿತು, ಇನ್ನು ಇದು, ಲಾವೋಸಿನಿಂದ ಹಡಗಿನಲ್ಲಿ ಬಂದದ್ದು, ಅವಳು ಇನ್ನೆರಡು ತುಂಡು ತಾಗಿಸಿದಳು — ಟಕ್, ಅಷ್ಟೇ, ನೆಗಡಿಯಾದವರು ಓಗೊಟ್ಟ ಹಾಗೆ, ಯಾಕಿರಬಹುದು, ಇದೂ ಗಟ್ಟಿ ಮರವೇ, ಇದನ್ನೂ ಇದ್ದಿಲು ಸುಡುವ ಗೂಡಿನಿಂದ ಕೆಂಪಗೆ ಎಳೆದು ಒದ್ದೆ ಬೂದಿ ಮುಚ್ಚಿಯೇ ಆರಿಸಿದ್ದು, ಮೈಮೇಲೆ ಅದೇ ಬಿಳಿ, ಆ ಬಿಳಿಯಲ್ಲಿ, ಅರೆ, ಒಂದು ಹೆಬ್ಬೆರಳಿನ ಗುರುತು, ಸುಳಿ ಸುಳಿಯಾಗಿ ಒಣಗಿ ನಿಂತಿದೆ, ಯಾರದಿದು, ಸಣ್ಣ ಬೆರಳು. ಮಾವನ ಒಂದು ಪೆಟ್ಟಿಗೆಯ ದುಡ್ಡಿಗೆ ಇದು ಎರಡು ಪೆಟ್ಟಿಗೆ ಬರುತ್ತದೆ, ಟೋಕಿಯೋದಲ್ಲಿ ಇದಕ್ಕೇ ಇನ್ನೂ ಹೆಚ್ಚು ಕೊಡುತ್ತಾರಂತೆ, ಅಪ್ಪನಿಗೆ ಅದೊಂದು ತಮಾಷೆ, ಅಲ್ಲಿಯೋರು ಹಾವುಮೀನನ್ನ ಮೊದಲು ಹಬೇಲಿ ಬೇಯಿಸಿಬಿಡ್ತಾರೆ ಕಣೇ, ಆಮೇಲೆ ಹಳೇ ಚಪ್ಪಲಿ ಸುಟ್ಟು ಉರಿ ಮಾಡಿದ್ರೂ ಗೊತ್ತಾಗಲ್ಲ, ನಾವು ಒಸಾಕದೋರು, ಹಸಿ ಮೀನನ್ನೇ ಕೆಂಡಕ್ಕೆ ಹಿಡಿಯೋರು. ಒಂದೇ ಮರ, ಬಂದರಿಗೊಂದು ಬೆಲೆ, ಹಾಗಾದರೆ ಗೂಡಿನ ಬಾಯಲ್ಲಿ ಅದರ ಬೆಲೆ ಏನು, ಈ ಬೆರಳಿನವರನ್ನು ಕೇಳಬೇಕು, ಅಲ್ಲಿಯೂ ಇದ್ದಿಲನ್ನು ತಾಗಿಸಿ ಕೇಳುತ್ತಾರೋ, ಅಲ್ಲಿ ಅದು ಏನೆಂದು ಹಾಡುತ್ತದೋ.

ಬೆನ್ನು ತಿರುಗಿಸಿ ಕೂತ್ಕೋತೀನಿ, ಎರಡು ಒಲೇಲೂ ತೊಮೊಎನೇ ಸುಡ್ಲಿ, ನಾಲಿಗೆ ಯಾವುದನ್ನ ಒಪ್ಪುತ್ತೋ ಇನ್ನು ಮೇಲೆ ಅಂಗಡಿಗೆ ಅದೇ ಇದ್ದಿಲು — ಅಪ್ಪ ಹಾಗೆಂದಾಗ ಫೋನಿನ ಆ ಕಡೆ ಗೆನ್‌ಸಾಕು ಮಾವ, ಆಗಲಿ ಭಾವ, ನಾನೂ ಬಂದು ನೋಡ್ತೀನಿ ಎಂದ. ಮಾವನ ಇದ್ದಿಲನ್ನು ಬೇರೆ ಗಿರಾಕಿಗಳೆಲ್ಲ ಬಿಟ್ಟಾಯಿತು, ಈ ಅಂಗಡಿಯೂ ಬಿಟ್ಟರೆ ಅವನ ಗೂಡು ಆರಿತೆಂದೇ ಅರ್ಥ. ಈಗ ರೈಲು ಇಳಿದು ಬರುತ್ತಿರಬೇಕು, ಎಡ ಒಲೆಯಲ್ಲಿ ಅವನ ಇದ್ದಿಲು ಆಗಲೇ ಸದ್ದಿಲ್ಲದೆ ಕೆಂಪಾಗಿದೆ, ಬಲ ಒಲೆ ಒಂದು ಹಿಡಿ ಕೆಂಡ ಇಟ್ಟುಕೊಂಡು ಲಾವೋಸಿನದಕ್ಕೆ ಕಾಯುತ್ತಿದೆ, ಟಕ್, ಟಕ್, ಯಾಕೆ ಹಾಡುವುದಿಲ್ಲ ನೀನು — ಓ, ಸಮುದ್ರ, ಮಳೆಗಾಲದ ಸಮುದ್ರವನ್ನು ಕುಡಿದುಕೊಂಡು ಬಂದಿದೀಯ. ಇದ್ದಿಲೊಳಗೆ ಮರ ಸತ್ತಿರಲ್ಲ ಮಗ, ಮಲಗಿರುತ್ತೆ, ಅಜ್ಜಿ ಚಿಕ್ಕ ತೊಮೊಎಯ ಜಡೆ ಬಿಚ್ಚುತ್ತ ಹೇಳುತ್ತಿದ್ದಳು, ದೂರದ ಕಾಡಿನ ಮರ ಆದ್ರೆ ಸಮುದ್ರದ ಕನಸು ಕಾಣ್ತಿರುತ್ತೆ, ಮೆಲ್ಲಗೆ ಎಬ್ಬಿಸು, ದಡಬಡಿಸಿದ್ರೆ ಚೀರುತ್ತೆ. ಹೌದು, ತೇವದ ಇದ್ದಿಲನ್ನು ಸೀದಾ ಉರಿಗಿಟ್ಟರೆ ಪಟಾರೆಂದು ಸಿಡಿಯುತ್ತದೆ, ಮೀನಿನ ತುಂಬ ಚೂರು, ಅಪ್ಪ ತಿರುಗಿಯೂ ನೋಡದೆ ಬೇಡ ಎಂದುಬಿಡುತ್ತಾನೆ, ಮಾವ ಗೆದ್ದ, ಯಾರಿಗೂ ತಿಳಿಯುವುದಿಲ್ಲ, ಅವಳು ಮಾಡಬೇಕಾದದ್ದು ಏನೂ ಇಲ್ಲ, ಸುಮ್ಮನೆ ಇಟ್ಟುಬಿಟ್ಟರೆ ಆಯಿತು. ಇಕ್ಕಳದ ತುದಿಯಲ್ಲಿ ಆ ಹೆಬ್ಬೆರಳಿನ ಗುರುತು. ಆದರೆ ಹಾಗೆ ಮಾಡಿದರೆ ಇದರ ಉರಿ ಹೇಗಿರುತ್ತಿತ್ತು ಎಂದು ತನಗೆ ಎಂದೂ ಗೊತ್ತಾಗುವುದಿಲ್ಲ, ಸಮುದ್ರ ದಾಟಿ ಬಂದವರನ್ನು ಹೊಸ್ತಿಲಲ್ಲೇ ಚೀರಿಸಿ ಕಳಿಸಿದಂತೆ — ಅವಳು ತುಂಡುಗಳನ್ನು ಒಲೆಯ ಅಂಚಿನಲ್ಲಿ ಒಂದೊಂದಾಗಿ ಮಲಗಿಸಿದಳು, ಗುರುತು ಮೇಲಾಗಿ, ಬೆಚ್ಚಗಾಗು, ಅವಸರವಿಲ್ಲ.

ಬಾಗಿಲ ಪರದೆ ಸರಿದು ಹೊಗೆಯ ವಾಸನೆಯ ಕೋಟು ಒಳಗೆ ಬಂತು, ಮಾವ, ಬಲ ಒಲೆಯ ಅಂಚನ್ನು ನೋಡಿದ, ಅವಳನ್ನು ನೋಡಿದ, ಅವನ ಇದ್ದಿಲಿನ ಎದುರಾಳಿಗೆ ಉಪಚಾರ, ಈಗ ಏನನ್ನುತ್ತಾನೆ. ಆ ಮಗ್ಗುಲೂ ಕಾಯಿಸಮ್ಮ, ಇಲ್ದಿದ್ರೆ ಸಿಡಿಯುತ್ತೆ. ಅಷ್ಟೇ ಅಂದು ಕೂತ. ಅವಳು ಮಗ್ಗುಲು ಬದಲಿಸುತ್ತಾಳೆ, ಕಾಯುತ್ತಾಳೆ, ಈಗ ತಾಗಿಸಿದರೆ — ಕಿಣ್, ಬೇರೆ ಕಿಣ್, ಕೊಂಚ ತಗ್ಗಿನ ದನಿ, ಆದರೂ ಹಾಡೇ. ಉರಿ ಹತ್ತಿತು, ಒಂದೂ ಸಿಡಿಯಲಿಲ್ಲ, ಎರಡೂ ಒಲೆಗಳ ಮೇಲೆ ಹಾವುಮೀನಿನ ಕೊಬ್ಬು ಚುರ್ ಎಂದು ಇಳಿಯಿತು, ಬೆನ್ನು ತಿರುಗಿಸಿದ ಅಪ್ಪನ ಮುಂದೆ ಎರಡು ತಟ್ಟೆ, ಅಗಿಯುತ್ತಾನೆ, ಮತ್ತೆ ಅಗಿಯುತ್ತಾನೆ, ಹಾಳಾಗ್ಲಿ, ಎರಡೂ ಚೆನ್ನಾಗಿದಾವಲ್ಲೋ, ಕೊನೆಗೆ ಊಟದ ಕಡ್ಡಿಯಿಂದ ಒಂದು ತಟ್ಟೆ ಮುಟ್ಟಿದ — ಕೂದಲೆಳೆಯಷ್ಟು ಮೇಲು, ಇದು. ಯಾವ ಒಲೇದು.

ಬಲಗಡೇದು, ಲಾವೋಸಿನದು, ಅನ್ನಬೇಕು, ಮಾವ ಆಗಲೇ ಬಲ ಒಲೆಯ ಮೇಲೆ ಬಾಗಿದ್ದಾನೆ, ಕೆಂಡದ ಬೆಳಕಿಗೆ ಮುಖವೆಲ್ಲ ಕೆಂಪು, ನೋಡು ತೊಮೊಎ, ಯಾರದೋ ಬೆರಳು, ಹೆಂಗಸಿನ ಕೈ ಇರಬೇಕು, ಗೂಡಿನ ಮುಂದೆ ಹೆಂಗಸು ನಿಲ್ತಾಳಾ ಅಲ್ಲಿ, ಕೇಳುತ್ತಲೇ ಇದ್ದಾನೆ, ತನ್ನ ಸುಟ್ಟು ದಪ್ಪಗಾದ ಹೆಬ್ಬೆರಳನ್ನು ಅದರ ಎದುರು ಹಿಡಿದು ಅಳೆಯುತ್ತಾನೆ, ಅಂದರೆ ಅವನ ಗೂಡು ಆರುತ್ತದೆ, ಕಿಣ್, ಬಲಗಡೇದು, ಅನ್ನು, ಅನ್ನು — ಬೂದಿಯ ಸುಳಿಗಳ ನಡುವೆ ಕೆಂಪಾಗಿ, ಗೆರೆ ಗೆರೆಯಾಗಿ, ಆ ಸಣ್ಣ ಹೆಬ್ಬೆರಳು.