ನೂರ ಮೂವತ್ತೆಂಟು

ಬಿಪಿ ಯಂತ್ರದಲ್ಲಿ ನೂರ ಎಂಬತ್ತೆಂಟು ಎಂದು ಬಂದಿತ್ತು. ಕುಷ್ಟ ತನ್ನ ಪುಸ್ತಕದಲ್ಲಿ ಬರೆದದ್ದು ನೂರ ಮೂವತ್ತೆಂಟು. ಗಂಜಿಯ ಬಟ್ಟಲು ಹಿಡಿದು ಗಂಡನ ಬೆನ್ನ ಹಿಂದೆ ನಿಂತಿದ್ದ ಅಮ್ಮಣ್ಣಿ ಎರಡನ್ನೂ ನೋಡಿದಳು.

"ಎಂತ ಬರದ್ದ್ ನೀವ್?"

ಅವನು ತೋಳಿನ ಪಟ್ಟಿಯನ್ನು ಬರ್ರನೆ ಕಿತ್ತ. "ಸುಮ್ನಿರ್ ಮಾರಾಯ್ತಿ. ಬಿಪಿ ಜಾಸ್ತಿ ಅಂದ್ರೆ ಆ ಗುಳ್ಗಿ ನಿಲ್ಸ್ತ್ರ್. ಅದ್ ನಿಂತ್ರೆ ಗಡ್ಡಿ ಮತ್ತೆ ಬೆಳಿತ್ತ್."

ಅವನ ಮೂತ್ರಪಿಂಡದ ಕ್ಯಾನ್ಸರ್ ಶ್ವಾಸಕೋಶಕ್ಕೂ ಹಬ್ಬಿತ್ತು. ಮೂರು ತಿಂಗಳಿಂದ ನುಂಗುತ್ತಿರುವ ಗುಳಿಗೆಗೆ ಗಡ್ಡೆ ಕುಗ್ಗಿದೆ ಎಂದು ಡಾಕ್ಟರು ಹೋದ ಸಲ ಹೇಳಿದ್ದರು. ಬಿಪಿ ಏರಿದರೆ ಅದನ್ನು ನಿಲ್ಲಿಸಬೇಕಾದೀತು ಎಂದೂ ಹೇಳಿದ್ದರು. ಕುಷ್ಟನ ಮನಸ್ಸಿನಲ್ಲಿ ಉಳಿದದ್ದು ಎರಡನೆಯ ಮಾತು. ತಲ್ಲೂರಿನಲ್ಲಿ ನಲವತ್ತು ವರ್ಷ ತೆಂಗಿನಕಾಯಿ ವ್ಯಾಪಾರ ಮಾಡಿದವ, ಒಳಗೆ ಕೊಳೆತ ಕಾಯಿಯನ್ನು ಗಿರಾಕಿಯ ಚೀಲದಿಂದ ತಾನೇ ತೆಗೆದಿಡುತ್ತಿದ್ದವ.

ಅಮ್ಮಣ್ಣಿ ಪುಟ ತಿರುವಿದಳು. ಹದಿನೈದು ದಿನದ್ದೂ ನೂರ ಮೂವತ್ತರ ಆಸುಪಾಸು. ಅಷ್ಟೂ ದಿನ ಅವನು ತಲೆ ಸಿಡಿಯುತ್ತದೆಂದು ಬಾಗಿಲು ಎಳೆದುಕೊಂಡು ಮಲಗುತ್ತಿದ್ದ. ನಿನ್ನೆಯಂತೂ ಚಹಾದ ಲೋಟವನ್ನು ಮೇಜಿನ ಮೇಲಿಡಲು ಹೋಗಿ ಗಾಳಿಯಲ್ಲಿ ಬಿಟ್ಟಿದ್ದ.

"ಡಾಕ್ಟ್ರ ಹತ್ರ ಹೇಳ್ಬೇಡ. ನನ್ ಆಣೆ."

ಮರುದಿನ ತಪಾಸಣೆಗೆಂದು ಇಬ್ಬರೂ ಬಸ್ಸು ಹತ್ತಿ ಬ್ರಹ್ಮಾವರ ದಾಟಿ ಹೋದರು. ಆಸ್ಪತ್ರೆಯಲ್ಲಿ ನರ್ಸ್ ನೋಡಿದಾಗಲೂ ಬಿಪಿ ಏರಿಯೇ ಇತ್ತು.

"ಮೆಟ್ಲ್ ಹತ್ತಿ ಬಂದದ್ದಲ್ದಾ, ಹಂಗೆ," ಎಂದು ಕುಷ್ಟ ಪುಸ್ತಕ ಮುಂದಿಟ್ಟ. ಡಾಕ್ಟರು ಪುಟಗಳ ಮೇಲೆ ಕಣ್ಣಾಡಿಸಿದರು. "ಮನೆಯಲ್ಲಿ ಸರಿ ಇದೆಯಲ್ಲ," ಎಂದು ಮುಂದಿನ ತಿಂಗಳ ಚೀಟಿಗೆ ಪೆನ್ನು ತೆಗೆದರು.

"ಪುಸ್ತಕದಗೆ ಇಪ್ದ್ ಸುಳ್ಳ್ ಡಾಕ್ಟ್ರೇ," ಎಂದಳು ಅಮ್ಮಣ್ಣಿ. ಗಂಡನ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಎಲ್ಲ ಕೇಳಿದ ಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟರು. "ಬಿಪಿ ಏರಿಸುವುದು ಈ ಗುಳಿಗೆಯ ಗುಣ. ಮೊದಲೇ ಹೇಳಿದ್ದರೆ ಬಿಪಿಗೂ ಮದ್ದು ಕೊಟ್ಟು ಇದನ್ನು ಮುಂದುವರಿಸಬಹುದಿತ್ತು. ಈಗ ಒಂದು ವಾರ ನಿಲ್ಲಿಸಲೇಬೇಕು. ತಲೆಯಲ್ಲಿ ರಕ್ತನಾಳ ಒಡೆದರೆ ಏನು ಮಾಡುತ್ತೀರಿ?"

"ವಾರ ಕಳ್ದ್ ಮೇಲೆ ಮತ್ತೆ ಕೊಡ್ತ್ರ್ಯಾ?" ಎಂದು ಕುಷ್ಟ ಕೇಳಿದ.

"ಬಿಪಿ ಇಳಿದರೆ."

ವಾಪಸು ಬರುವಾಗ ಅವನು ಬೇರೆ ಸೀಟಿನಲ್ಲಿ ಕುಳಿತ. ತಲ್ಲೂರಿನಲ್ಲಿ ಇಳಿದವನೇ ಅವಳಿಗಾಗಿ ಕಾಯದೆ ನಡೆದ. ಅಗಲ ಮಾಡಲೆಂದು ಹೆದ್ದಾರಿಯನ್ನು ಅಗೆದಿದ್ದರು. ಉಳಿದ ಅರ್ಧ ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ಧೂಳೆಬ್ಬಿಸುತ್ತಿದ್ದವು. ಕುಷ್ಟ ರಸ್ತೆ ದಾಟಲೆಂದು ಅಂಚಿನಲ್ಲಿ ನಿಂತ. ತಿರುಗಿ ನೋಡದೆ ಒಂದು ಕೈಯನ್ನು ಹಿಂದಕ್ಕೆ ಚಾಚಿದ.

ಅಮ್ಮಣ್ಣಿ ಮದ್ದಿನ ಚೀಲವನ್ನು ಎಡಗೈಗೆ ಬದಲಿಸಿ, ಮಣ್ಣಿನ ದಿಬ್ಬ ಇಳಿದು ಓಡಿದಳು. ಲಾರಿಗಳು ಇನ್ನೂ ಹೋಗುತ್ತಲೇ ಇದ್ದವು.