ಎಲ್ವಿಯಾಳ ನಕ್ಷೆ ಹಗುರಾದ ದಿನ

ಎಲ್ವಿಯಾ ಚಿಲುಯ್ಸಾ ನಮ್ಮ ವೀಕ್ಷಣಾಲಯಕ್ಕೆ ನಕ್ಷೆ ಬಿಡಿಸುವವಳಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ನಾನು ಅಲ್ಲಿ ರೇಡಿಯೋ ಕೋಣೆಯವನು. ಪುಕಾರುಮಿ ಜ್ವಾಲಾಮುಖಿಯ ಮಗ್ಗುಲಿನ ಹಳ್ಳಿಗಳಲ್ಲಿ ನಮಗೆ ಹದಿನಾಲ್ಕು ಮಂದಿ ಕಾವಲುಗಾರರಿದ್ದರು. ಹೆಚ್ಚಿನವರು ಆಲೂಗಡ್ಡೆ ಬೆಳೆಯುವವರು, ಹಸು ಕಟ್ಟಿದವರು; ಒಬ್ಬಾಕೆ ಶಾಲೆಯಲ್ಲಿ ಅಡುಗೆಯವಳು. ಅವರು ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಬೆಟ್ಟದ ಸಮಾಚಾರ ಹೇಳುವರು, ನಾವು ವಾರಕ್ಕೊಮ್ಮೆ ಅವರ ಫೋನಿಗೆ ಅಪಾಯದ ನಕ್ಷೆ ಕಳಿಸುವೆವು.

ಮಾರ್ಚ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ನಮ್ಮ ಮುಖ್ಯಸ್ಥ ಡಾಕ್ಟರ್ ಎಂಡಾರಾ ಅಪಾಯದ ಗೆರೆಯನ್ನು ಇನ್ನೂ ಕೆಳಕ್ಕೆ ಎಳೆಯಬೇಕೆಂದರು. ನೆತ್ತಿಯ ಮೇಲೆ ಹೊಸ ಬೂದಿ ರಾಶಿ ಬಿದ್ದಿತ್ತು. ಜೋರು ಮಳೆ ಬಂದರೆ ಅದು ಕೆಸರಾಗಿ ಹಳ್ಳ ಹಿಡಿದು ನುಗ್ಗುವುದು ಖಂಡಿತ. ಎಲ್ವಿಯಾ ಹೊಸ ನಕ್ಷೆ ಬಿಡಿಸಿ ಕಳಿಸಿದಳು. ತಲುಪಿತೇ ಎಂದು ನಾನು ಚಾಕಾಪಂಬಾ ಹಳ್ಳಿಯ ಹಿರಿಯ ಕಾವಲುಗಾರ ದೋನ್ ಮೆಸಿಯಾಸ್ ತೊಆಕಿಸಾ ಅವರನ್ನು ಕೇಳಿದೆ.

"ಬರ್ತಾ ಇದೆ ತಮ್ಮಾ," ಎಂದರು ಮುದುಕರು. "ಹೋದ ವಾರದ್ದೂ ಇನ್ನೂ ಬರ್ತಾನೇ ಇದೆ. ಹೇಸರಗತ್ತೆ ಮೇಲೆ ಹೇರಿ ಕಳಿಸಿದ್ರೆ ಇಷ್ಟೊತ್ತಿಗೆ ಬಂದು ಹುಲ್ಲು ಮೇಯ್ತಿತ್ತು."

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಎಲ್ವಿಯಾ ನಗಲಿಲ್ಲ. ಒಳಗೆ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

"ದೋನ್ ಮೆಸಿಯಾಸ್, ನಕ್ಷೆ ಬಿಡಿಸೋಳು ನಾನೇ. ನೀವು ಕೊನೇ ಸಲ ಅದನ್ನ ಬಿಚ್ಚಿ ನೋಡಿದ್ದು ಯಾವಾಗ?"

ಗರಗರ ಸದ್ದಿನ ನಡುವೆ ಮುದುಕರ ಧ್ವನಿ ಬಂತು.

"ನಿಜ ಹೇಳ್ಲಾ ಇಂಜಿನಿಯರಮ್ಮಾ? ಎರಡು ವರ್ಷ ಆಯ್ತು. ನೀವು ಬೇಜಾರು ಮಾಡ್ಕೋತೀರ ಅಂತ 'ಬಂತು' ಅಂತಿದ್ದೆ."

ಆ ಎರಡು ವರ್ಷವೂ ಪ್ರತಿ ವಾರ ದಾಖಲೆ ಪುಸ್ತಕದಲ್ಲಿ 'ತಲುಪಿದೆ' ಎಂದು ಬರೆದವನು ನಾನು. ಮುಖ ಎತ್ತಲಾಗಲಿಲ್ಲ. ಎಲ್ವಿಯಾ ಮೈಕನ್ನು ನನ್ನ ಕೈಗೆ ವಾಪಸು ಕೊಟ್ಟಳು. ನೇರ ತನ್ನ ಕುರ್ಚಿಗೆ ಹೋಗಿ ಕೂತಳು.

ಫೈಲು ನಲವತ್ತೊಂದು ಎಂಬಿ ಇತ್ತು. ಅದನ್ನು ಒತ್ತಿ ಕುಗ್ಗಿಸಿ ಕಳಿಸಲು ಡಾಕ್ಟರು ಒಪ್ಪುತ್ತಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಹಾಗೆ ಮಾಡಿ ಅಕ್ಷರಗಳೆಲ್ಲ ಮಸುಕಾಗಿ, ಅಪಾಯದ ಹರವು ಮೂರು ಕಿಲೋಮೀಟರ್ ಎಂಬುದನ್ನು ಎಂಟು ಎಂದು ಓದಿಕೊಂಡ ಒಂದು ಕೇರಿಯವರು ಒಂಬತ್ತು ದಿನ ಸುಮ್ಮನೆ ಡೇರೆಯಲ್ಲಿ ನಡುಗಿದ್ದರು. ಎಲ್ವಿಯಾ ಅದನ್ನು ಕೇಳಿಸಿಕೊಂಡು, ಅಕ್ಷರ ಮಸುಕಾಗದಂತೆ ಮಾಡುತ್ತೇನೆ, ಮಧ್ಯಾಹ್ನದೊಳಗೆ ಕಳಿಸುತ್ತೇನೆ ಎಂದಳು. ಅವಳು ಹೇಳಿದ ರೀತಿಗೆ ಡಾಕ್ಟರು ಒಪ್ಪಿದರು.

ಮೊದಲು ಅವಳು ಚಿತ್ರದ ಸಾಂದ್ರತೆಯನ್ನು, ಅಂದರೆ ರೆಸಲ್ಯೂಶನ್ನನ್ನು, ಕಾಲು ಭಾಗಕ್ಕೆ ಇಳಿಸಿದಳು. ಫೈಲು ಮೂವತ್ತೊಂಬತ್ತಕ್ಕೆ ಬಂದು ನಿಂತುಬಿಟ್ಟಿತು. ನಾನು ಹಣೆ ಗಟ್ಟಿಸಿಕೊಂಡೆ; ಅವಳಿಗೆ ಮಾತ್ರ ಖುಷಿಯಾಯಿತು. ಸಾಂದ್ರತೆ ಇಳಿಸಿದರೂ ತೂಕ ಇಳಿಯದಿದ್ದರೆ ಭಾರ ಇರುವುದು ಚಿತ್ರದಲ್ಲಲ್ಲ, ಬೇರೆಲ್ಲೋ ಎಂದಳು. ಆಮೇಲೆ ನಕ್ಷೆಯ ಪದರಗಳನ್ನು ಒಂದೊಂದಾಗಿ ಕಳಚಿ, ಪ್ರತಿ ಸಲವೂ ಫೈಲು ಮಾಡಿ ತೂಗಿದಳು. ಊರ ಹೆಸರು ತೆಗೆದರೆ ಅಷ್ಟೇ ತೂಕ. ಬೆಟ್ಟದ ನೆರಳು ತೆಗೆದರೆ ತುಸು ಕಡಿಮೆ. ಭೂಕಂಪನದ ಚುಕ್ಕೆಗಳನ್ನು ತೆಗೆದದ್ದೇ ತಡ, ಫೈಲು ಅರ್ಧ ಎಂಬಿಗೆ ಕುಸಿಯಿತು.

ಹನ್ನೊಂದು ವರ್ಷದ ಕಂಪನಗಳವು, ಒಂದು ಲಕ್ಷದ ಅರವತ್ತೆರಡು ಸಾವಿರ. ನಕ್ಷೆಯಲ್ಲಿ ಕಾಣುವುದು ಬೆಟ್ಟದ ಹೊಟ್ಟೆಯ ಮೇಲಿನ ಒಂದು ಕೆಂಪು ಮಚ್ಚೆ ಮಾತ್ರ. ಆದರೆ ಒಂದರ ಕೆಳಗೊಂದು ಹೂತು ಯಾರ ಕಣ್ಣಿಗೂ ಬೀಳದ ಚುಕ್ಕೆಗೂ ತಂತ್ರಾಂಶ ಇಲ್ಲೊಂದು ವೃತ್ತ, ಇದು ಬಣ್ಣ, ಇದು ಅಂಚು ಎಂದು ಬೇರೆ ಬೇರೆಯಾಗಿ ಬರೆದಿಟ್ಟಿತ್ತು. ಕಾವಲುಗಾರರ ಹಳೇ ಫೋನು ಅಷ್ಟನ್ನೂ ಓದಿ ಮುಗಿಸುವಷ್ಟರಲ್ಲಿ ಬ್ಯಾಟರಿಯೇ ಸಾಯುತ್ತಿತ್ತು.

ಕಂಪನ ಒಂದನ್ನೂ ಕೈಬಿಡುವಂತಿಲ್ಲ ಎಂದು ಡಾಕ್ಟರು ಎದ್ದು ಬಂದರು.

"ಒಂದನ್ನೂ ಬಿಡಲ್ಲ ಡಾಕ್ಟ್ರೇ," ಎಂದಳು ಎಲ್ವಿಯಾ. "ಚುಕ್ಕೆಗಳ ಪದರ ಒಂದನ್ನೇ ಫೋಟೋ ಥರ ಚಪ್ಪಟೆ ಮಾಡ್ತೀನಿ. ಹೆಸರು, ಅಂಕಿ, ಗೆರೆ ಎಲ್ಲ ಗೆರೆಯಾಗೇ ಇರುತ್ತೆ, ಎಷ್ಟು ದೊಡ್ಡದು ಮಾಡಿ ನೋಡಿದ್ರೂ ಮಸುಕಾಗಲ್ಲ."

ಹಾಗೇ ಮಾಡಿದಳು. ಫೈಲು ಒಂದು ಎಂಬಿಗೂ ಕಡಿಮೆ ಬಂತು. ಡಾಕ್ಟರು ಕನ್ನಡಕ ಹಣೆಗೇರಿಸಿ, ಅತಿ ಸಣ್ಣ ಊರಿನ ಹೆಸರನ್ನು ಪರದೆಯ ತುಂಬ ಹಿಗ್ಗಿಸಿ ನೋಡಿದರು. ಅಂಚು ಕತ್ತರಿಸಿಟ್ಟಂತಿತ್ತು. ಕಳಿಸು ಎಂದರು. ಹನ್ನೊಂದೂವರೆಗೆ ನಕ್ಷೆ ಹೊರಟಿತು.

ಐದು ನಿಮಿಷಕ್ಕೆ ದೋನ್ ಮೆಸಿಯಾಸ್ ರೇಡಿಯೋದಲ್ಲಿ ಬಂದರು. ಈ ಸಲ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

"ಇಂಜಿನಿಯರಮ್ಮಾ, ನಕ್ಷೆ ಚೆನ್ನಾಗಿದೆ. ಆದ್ರೆ ತಪ್ಪಿದೆ. ಕೆಸರು ಯಾನಾಯಾಕು ಹಳ್ಳದಲ್ಲಿ ಬರುತ್ತೆ ಅಂತ ಗೆರೆ ಹಾಕಿದೀರ. ಹೋದ ವರ್ಷ ಮೇಲೆ ಗುಡ್ಡ ಕುಸಿದಾಗಿಂದ ಅಲ್ಲಿ ನೀರೇ ಇಲ್ಲ, ನಿಮಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ನೀರೆಲ್ಲ ಈಗ ಅಲ್ಪಾಚಾಕಾ ಹಳ್ಳಕ್ಕೆ ತಿರುಗಿದೆ. ನಮ್ಮ ಹಾಲಿನ ಶೆಡ್ಡು ಇರೋದೂ ಅಲ್ಲೇ."

ಎಲ್ವಿಯಾ ಡಾಕ್ಟರ ಮುಖ ನೋಡಿದಳು. ಅವರು ಆ ತಿಂಗಳ ಉಪಗ್ರಹ ಚಿತ್ರ ತೆಗೆಸಿದರು. ಮೋಡದ ಸಂದಿಯಲ್ಲಿ ಕುಸಿದ ಗುಡ್ಡದ ಗಾಯ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ವರ್ಷ ಯಾರಾದರೂ ನಕ್ಷೆ ಬಿಚ್ಚಿ ನೋಡಿದ್ದರೆ ಇದು ಎಂದೋ ಗೊತ್ತಾಗುತ್ತಿತ್ತು ಎಂದು ಅವರು ಮೆಲ್ಲಗೆ ಹೇಳಿದರು. ಆಮೇಲೆ ಎಲ್ವಿಯಾಳ ಪಕ್ಕ ತಾವೇ ಸ್ಟೂಲು ಎಳೆದುಕೊಂಡು ಕೂತು ಗೆರೆಯನ್ನು ಅಲ್ಪಾಚಾಕಾಕ್ಕೆ ತಂದರು. ಒಂದು ಗಂಟೆಗೆ ಎರಡನೇ ನಕ್ಷೆ ಹೋಯಿತು. ಹದಿನಾಲ್ಕು ಮಂದಿಯೂ ನೋಡಿದೆವೆಂದು ಹೇಳುವವರೆಗೆ ಈ ಸಲ ನಾನು ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ. ಪ್ರತಿಯೊಬ್ಬರಿಂದಲೂ ನಕ್ಷೆಯಲ್ಲಿ ಅವರೂರಿನ ಪಕ್ಕ ಬರೆದ ಅಂಕಿಯನ್ನು ಓದಿಸಿದೆ. ಚಾಕಾಪಂಬಾದ ಹೆಂಗಸರು ಹಾಲಿನ ಕ್ಯಾನುಗಳನ್ನು ಅಂದೇ ಸಂಜೆ ಶಾಲೆಯ ಜಗಲಿಗೆ ಸಾಗಿಸಿದರಂತೆ.

ಶುಕ್ರವಾರ ಮಧ್ಯಾಹ್ನ ಮಳೆ ಹೊಡೆಯಿತು. ಹಾಲು ಅಳೆಯುವ ಹೊತ್ತಿಗೆ ಸರಿಯಾಗಿ ಅಲ್ಪಾಚಾಕಾದಲ್ಲಿ ಕೆಸರು ಬಂತು, ಬಂಡೆಗಳನ್ನು ಹೊರಳಿಸುತ್ತ. ಶೆಡ್ಡು ಹೋಯಿತು, ಕಾಲುಸೇತುವೆ ಹೋಯಿತು. ಜನ ಒಬ್ಬರೂ ಅಲ್ಲಿರಲಿಲ್ಲ.

ಭಾನುವಾರ ಎಲ್ವಿಯಾ ರಜೆಯನ್ನೂ ಬಿಟ್ಟು ಬೆಟ್ಟದ ಮೇಲಕ್ಕೆ ಹೊರಟಳು, ನನ್ನನ್ನೂ ಎಳೆದುಕೊಂಡು. ದೋನ್ ಮೆಸಿಯಾಸ್ ಪೊಂಚೊ ಕಂಬಳಿ ಹೊದ್ದು, ಬೇಯಿಸಿದ ಅವರೆಕಾಳು ಮತ್ತು ಚೀಸಿನ ಗಂಟು ಹಿಡಿದು ದಾರಿಯಲ್ಲೇ ಕಾದಿದ್ದರು. ನಕ್ಷೆಯಲ್ಲಿ ಇನ್ನೂ ಹೆಸರೇ ಬರೆಯದ ಆರು ಹಳ್ಳಗಳಿವೆ, ಬೂಟು ಗಟ್ಟಿಯಿದೆಯೇ ಎಂದು ಅವಳ ಕಾಲು ನೋಡಿದರು. ಅವಳು ಲೇಸು ಬಿಗಿದು, ಮೊದಲನೆಯದು ಯಾವ ಕಡೆ ಎಂದು ಕೇಳಿದಳು.